ತಂತಿಯ ಮೇಲಿನ ಕೈ

ಎಲೆಕ್ಟ್ರಿಕ್ ಗಿಟಾರಿನ ಹಿಂಬದಿಯ ಮುಚ್ಚಳ ತೆಗೆದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ.

ಒಳಗಡೆ, ವೈರುಗಳು ಕೂರುವ ಗುಳಿಯ ತುಂಬ, ವೈನ್ ಚೀಲದ ಬೆಳ್ಳಿ ಹಾಳೆ! ರಟ್ಟಿನ ಪೆಟ್ಟಿಗೆಯೊಳಗೆ ನಲ್ಲಿ ಸಮೇತ ಬರುತ್ತದಲ್ಲ, ಆ ಚೀಲ. ಅದು ಖಾಲಿಯಾದ ಮೇಲೆ ಊದಿ ತಲೆದಿಂಬು ಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ, ಏಪ್ರಿಕಾಟ್ ಮರಕ್ಕೆ ಕಟ್ಟಿ ಗಿಳಿ ಓಡಿಸುವವರನ್ನೂ ಕಂಡಿದ್ದೇನೆ. ಗಿಟಾರಿನೊಳಗೆ ಅಂಟಿಸಿದವರನ್ನು ಕಂಡಿರಲಿಲ್ಲ.

"ಯಾವ ಪುಣ್ಯಾತ್ಮನ ಕೆಲಸ ರೀ ಇದು? ಚೀಲ ಪೂರ್ತಿ ಕುಡಿದು ಮುಗಿಸಿದ ಮೇಲೇ ಅಂಟಿಸಿರಬೇಕು!" ಎಂದು ಕಣ್ಣೊರೆಸಿಕೊಂಡೆ.

ಕೌಂಟರಿನ ಆಚೆ ನಿಂತಿದ್ದ ಮರ್ವ್ ಪೆನ್‌ಹೇಲ್ ನಗಲಿಲ್ಲ. ಹ್ಯಾಟನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ.

"ನನ್ನ ಹೆಂಡತಿ ಕೆಲಸ," ಎಂದ.

ನಾಲಿಗೆ ಕಚ್ಚಿಕೊಂಡೆ. ಅವನ ಹೆಂಡತಿ ಕೋರಲ್ ತೀರಿಕೊಂಡು ಒಂದು ಚಳಿಗಾಲವಷ್ಟೇ ಕಳೆದಿತ್ತು. ಅವಳ ಅಂತ್ಯಕ್ರಿಯೆಗೆ ಕಡಲತಡಿಯ ನಮ್ಮ ವಾಲರೂ ಊರಿಗೆ ಊರೇ ಹೋಗಿತ್ತು, ನಾನೂ ಹೋಗಿದ್ದೆ, ಚರ್ಚಿನ ಹಿಂದಿನ ಹಾಲ್‌ನಲ್ಲಿ ನಿಂತು ಸ್ಯಾಂಡ್‌ವಿಚ್ ತಿಂದು ಬಂದಿದ್ದೆ. ಈಗ ಅವಳ ಕೈಕೆಲಸ ನೋಡಿ ಹಲ್ಲು ಕಿರಿಯುತ್ತಿದ್ದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಗಿಟಾರನ್ನು ಮಗುವಿನಂತೆ ಎತ್ತಿಕೊಂಡು ಹೊರಟೇಹೋದ. ಮುಚ್ಚಳದ ಸ್ಕ್ರೂಗಳು ನನ್ನ ಕೌಂಟರಿನ ಮೇಲೆಯೇ ಉಳಿದವು.

ನನ್ನ ಹೆಸರು ನೋಲೀನ್. ಅಪ್ಪ ಬಿಟ್ಟುಹೋದ ರಿಪೇರಿ ಅಂಗಡಿ ನಡೆಸುತ್ತೇನೆ. ಕೆಟಲ್, ಟೋಸ್ಟರ್, ರೇಡಿಯೊ, ಮೀನುಗಾರರ ದೋಣಿಯ ದೀಪ, ಏನು ಕೆಟ್ಟರೂ ನನ್ನ ಹತ್ತಿರ ಬರುತ್ತದೆ. ಮದುವೆಯೂ ಆಗಿತ್ತು. ಆ ಮಹಾಶಯ ಅಡಿಲೇಡಿಗೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ, ನಾನೂ ಹುಡುಕಲಿಲ್ಲ. ಅಷ್ಟರ ಮೇಲೆ ಆ ವಿಷಯವೇ ಮುಗಿಯಿತು ಅಂದುಕೊಂಡಿದ್ದೆ. ಐವತ್ತು ದಾಟಿದವಳಿಗೆ ಇನ್ನೆಂಥ ಪ್ರೀತಿ, ಮಣ್ಣು!

ಆದರೆ ಆ ಸ್ಕ್ರೂಗಳು ಕಣ್ಣೆದುರೇ ಇದ್ದವಲ್ಲ. ಮರುದಿನ ಬೇಕರಿಯಿಂದ ಮಾಂಸದ ಹೂರಣದ ಎರಡು ಪ್ಯಾಸ್ಟಿ ಕಟ್ಟಿಸಿಕೊಂಡು, ಸಮುದ್ರಕ್ಕೆ ಚಾಚಿದ ಮರದ ಜೆಟ್ಟಿಯ ಕಡೆ ನಡೆದೆ. ಮರ್ವ್ ಅಲ್ಲೇ ಇದ್ದ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ನೀಲಿ ಏಡಿಗೆ ಬಲೆ ಇಳಿಬಿಟ್ಟಿದ್ದ.

"ಸ್ಕ್ರೂ ಬಿಟ್ಟು ಬಂದಿದ್ರಿ," ಎಂದೆ.

"ಇಟ್ಕೊಳ್ಳಿ. ಇನ್ನೊಂದ್ಸಲ ನಗೋಕೆ ಬೇಕಾಗುತ್ತೆ."

"ನನ್ನ ಬಾಯಿಗೆ ಬೀಗ ಇಲ್ಲ ಮಾರಾಯ್ರೇ. ನಮ್ಮಪ್ಪ ಹೇಳಿ ಹೇಳಿ ಸಾಕಾಗಿ ಸತ್ತ. ತಪ್ಪಾಯ್ತು. ಪ್ಯಾಸ್ಟಿ ತಂದಿದ್ದೀನಿ, ಬಿಸಿ ಇದೆ."

ಅವನು ಪೊಟ್ಟಣ ತೆಗೆದುಕೊಂಡು ಒಳಗೆ ಇಣುಕಿದ. "ಸಾಸ್ ಎಲ್ಲಿ?"

"ತಂದಿಲ್ಲ."

"ಸಾಸ್ ಇಲ್ದೆ ಪ್ಯಾಸ್ಟಿ ತಂದು ತಪ್ಪಾಯ್ತು ಅಂತೀರಲ್ರೀ. ಎಂಥಾ ಹೆಂಗಸು!"

ಎಂದವನು ಕಣ್ಣಿನ ಅಂಚಿನಲ್ಲೇ ನನ್ನನ್ನು ನೋಡಿದ. ಬಿಸಿಲಿಗೆ ಸುಕ್ಕುಗಟ್ಟಿದ ಮುಖ, ಆ ಸುಕ್ಕುಗಳ ನಡುವೆ ತಿಳಿನೀಲಿ ಕಣ್ಣು. ನಗಬೇಕೋ ಬೇಡವೋ ಎಂದು ಯೋಚಿಸುತ್ತಿರುವಂತಿತ್ತು. ನಾನು ಪಕ್ಕದಲ್ಲಿ ಹಲಗೆಯ ಮೇಲೇ ಕೂತೆ.

"ಆ ಹಾಳೆಯಿಂದ ಗುಂಯ್ ಸದ್ದು ನಿಂತಿತ್ತಾ?" ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

ಎಲೆಕ್ಟ್ರಿಕ್ ಗಿಟಾರಿನ ಹಣೆಬರಹವೇ ಅದು. ಹತ್ತಿರದ ಟ್ಯೂಬ್‌ಲೈಟು, ಫ್ರಿಜ್ಜು, ಎಲ್ಲದರ ಗಲಾಟೆಯನ್ನೂ ಹಿಡಿದು ಸ್ಪೀಕರಿನಲ್ಲಿ ಗುಂಯ್‌ಗುಡುತ್ತದೆ. ಅದಕ್ಕೆ ಮದ್ದು, ಒಳಗಿನ ಗುಳಿಗೆಲ್ಲ ಲೋಹದ ಹಾಳೆ ಹಚ್ಚಿ, ಆ ಹಾಳೆಯನ್ನು ಗ್ರೌಂಡ್ ವೈರಿಗೆ, ಅಂದರೆ ಅರ್ಥಿಂಗ್ ವೈರಿಗೆ, ಸೇರಿಸುವುದು. ಒಂದು ತುಂಡೂ ಬೇರೆಯಾಗಿ ಉಳಿಯಬಾರದು. ವೈನ್ ಚೀಲ ಕಣ್ಣಿಗೆ ಬೆಳ್ಳಿಯಂತೆ ಕಂಡರೂ ಅದರ ಎರಡೂ ಮುಖಕ್ಕೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಕರೆಂಟು ದಾಟುವುದಿಲ್ಲ. ಹಚ್ಚಿದರೂ ಒಂದೇ, ಬಿಟ್ಟರೂ ಒಂದೇ.

"ಎಲ್ಲಿ ನಿಲ್ಲುತ್ತೆ?" ಎಂದ ಮರ್ವ್. "ಯಾರೋ ಹೇಳಿದ್ರಂತೆ, ಒಳಗೆ ಬೆಳ್ಳಿ ಹಾಳೆ ಹಚ್ಚಿದ್ರೆ ಸದ್ದು ಹೋಗುತ್ತೆ ಅಂತ. ನನ್ನ ಹುಟ್ಟುಹಬ್ಬಕ್ಕೆ ಅಂತ ಅಡುಗೆಮನೆ ಮೇಜಿನ ಮೇಲೆ ಕೂತು, ಉಗುರು ಕತ್ತರಿಸೋ ಕತ್ತರಿಯಲ್ಲಿ ಕತ್ತರಿಸಿ ಕತ್ತರಿಸಿ ಅಂಟಿಸಿದ್ಲು. ಬೆರಳೆಲ್ಲಾ ಗೋಂದು. 'ಹಾಕಿ ನೋಡು, ಹಾಕಿ ನೋಡು' ಅಂತ ಒಂದೇ ಸಮ. ಹಾಕ್ದೆ. ಮೊದಲಿನ ಹಾಗೇ ಗುಂಯ್ ಅಂತು."

"ಪಾಪ."

"ಅವಳ ಮುಖ ಬಾಡೋ ಮೊದಲೇ ನನ್ನ ಅಂಗೈ ತಂತಿ ಮೇಲೆ ಬಿತ್ತು. ತಂತಿ ಮುಟ್ಟಿದ್ರೆ ಸುಮ್ಮನಾಗುತ್ತಲ್ಲ ಅದು..."

ಆಗುತ್ತದೆ. ತಂತಿಗಳಿಂದಲೂ ಒಳಗೊಂದು ಗ್ರೌಂಡ್ ವೈರು ಹೋಗಿರುತ್ತದೆ. ಮುಟ್ಟಿದವನ ಮೈಯೂ ಅದಕ್ಕೆ ಸೇರಿಕೊಂಡು ಸದ್ದು ಅಡಗುತ್ತದೆ.

"'ನಿಂತ್ಹೋಯ್ತು! ಮರ್ವ್, ನಿಂತ್ಹೋಯ್ತು ಕಣೋ!' ಅಂತ ಅಡುಗೆಮನೆ ತುಂಬ ಕುಣಿದಾಡಿಬಿಟ್ಲು."

"ಆಮೇಲೆ?"

"ಆಮೇಲೇನು? ಕೈ ತೆಗೀಲೇ ಇಲ್ಲ," ಎಂದ ಮರ್ವ್. "ಅವಳು ಎದುರಿಗಿರೋವಾಗ ಒಂದ್ಸಲಾನೂ ತೆಗೀಲಿಲ್ಲ."

ನನಗೆ ಮರ್ವ್ ಹಾಡುತ್ತಿದ್ದ ಊರ ಕ್ಲಬ್ಬಿನ ಭಾನುವಾರದ ಮಧ್ಯಾಹ್ನಗಳು ನೆನಪಾದವು. ಎಷ್ಟು ವರ್ಷದಿಂದ ನೋಡುತ್ತಿದ್ದೇನೆ ನಾನು! ಹಾಡು ಮುಗಿದ ಕೂಡಲೇ ಅವನ ಬಲ ಅಂಗೈ ತಂತಿಗಳ ಮೇಲೆ ಮೆತ್ತಗೆ ಕೂರುತ್ತಿತ್ತು. ಬಿಯರ್ ಕುಡಿಯುವುದು ಎಡಗೈಯಲ್ಲಿ. ಮೈಕಿನಲ್ಲಿ ತಮಾಷೆ ಮಾಡುವಾಗಲೂ ಕೈ ಅಲ್ಲೇ. ಊರಿನ ಹೆಂಗಸರೆಲ್ಲ ಅದನ್ನು ಠೀವಿ ಅಂದುಕೊಂಡಿದ್ದೆವು. ಮುಂದಿನ ಮೇಜಿನಲ್ಲಿ ಕೂತ ಕೋರಲ್ ಮಾತ್ರ ಎಲ್ಲರಿಗೂ ಹೇಳುತ್ತಿದ್ದಳು, "ಎಷ್ಟು ಸೈಲೆಂಟು ನೋಡಿ, ನಾನೇ ಸರಿ ಮಾಡಿದ್ದು" ಎಂದು.

ಅಲ್ಲೇ, ಆ ಏಡಿ ಬಕೆಟ್ಟಿನ ಪಕ್ಕದಲ್ಲೇ, ನಾನು ಕೆಟ್ಟೆ. ಹೆಂಡತಿಯ ಮುಖ ಬಾಡಬಾರದೆಂದು ಇಷ್ಟು ವರ್ಷ ತಂತಿಯಿಂದ ಕೈ ತೆಗೆಯದ ಗಂಡಸು! ನನ್ನ ಗಂಡ ನನಗಾಗಿ ಬಾಗಿಲು ಕೂಡ ಹಿಡಿದು ನಿಂತವನಲ್ಲ. ಹೊಟ್ಟೆಕಿಚ್ಚೋ, ದುಃಖವೋ, ಆಸೆಯೋ, ಮೂರೂ ಒಟ್ಟಿಗೆ ಬಂದವು. ಪ್ಯಾಸ್ಟಿಯನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟೆ.

"ಹಾಗಾದ್ರೆ ಈಗ್ಯಾಕೆ ನನ್ನ ಹತ್ರ ತಂದ್ರಿ?"

"ಕ್ಲಬ್ಬಿನ ಪಕ್ಕದ ರೂಮಿಗೆ ಆ ಜೂಜಿನ ಮಷಿನ್‌ಗಳು ಬಂದಿವೆಯಲ್ಲ. ಈಗ ಕೈ ಇಟ್ರೂ ಜರ್ ಅನ್ನೋದು ನಿಲ್ತಾ ಇಲ್ಲ. ಸದ್ದು ಹೋಗದಿದ್ರೆ ಭಾನುವಾರದ ಹಾಡು ಬಂದ್ ಅಂದಿದ್ದಾನೆ ಮ್ಯಾನೇಜರ್. ಹಾಡೂ ಇಲ್ಲ ಅಂದ್ರೆ ನನಗೆ ಇಲ್ಲೇನು ಕೆಲಸ? ಮಗಳು ಪರ್ತ್‌ಗೆ ಬಾ ಅಂತಾಳೆ. ಮನೆ ಹಿಂದೆ ಒಂದು ರೂಮಿದೆಯಂತೆ."

ಪರ್ತ್ ಅಂದರೆ ನಮ್ಮಿಂದ ಈ ದೇಶದ ಇನ್ನೊಂದು ತುದಿ. ಆದರೆ ಮರುಕ್ಷಣವೇ ಲೆಕ್ಕ ಸಲೀಸಾಗಿ ಕಂಡಿತು. ಗಿಟಾರ್ ಸರಿಹೋದರೆ ಹಾಡು ಉಳಿಯುತ್ತದೆ, ಹಾಡು ಉಳಿದರೆ ಮರ್ವ್ ಉಳಿಯುತ್ತಾನೆ. ಮರ್ವ್ ಉಳಿದರೆ, ಯಾರಿಗೆ ಗೊತ್ತು, ಒಂದು ದಿನ ನನ್ನ ಕಡೆ ತಿರುಗಿ ನೋಡಿಯಾನು. ಗಿಟಾರ್ ಸರಿ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ.

"ಕೊಡಿ, ನಾನು ಮಾಡ್ತೀನಿ," ಎಂದೆ.

"ಅವಳು ಅಂಟಿಸಿದ್ದನ್ನ ಕಿತ್ತು ಹಾಕ್ಬೇಕಾ?"

"ಬೇಡ. ಅದರ ಮೇಲೇ ತಾಮ್ರದ ಹಾಳೆ ಹಚ್ತೀನಿ. ಅವರದ್ದು ಕೆಳಗೆ ಹಾಗೇ ಇರುತ್ತೆ."

"ಮುಚ್ಚಿಹೋಗುತ್ತೆ."

"ಮುಚ್ಚಿಹೋಗುತ್ತೆ. ಹರಿದುಹೋಗಲ್ಲ."

ಅವನು ಬಲೆಯ ಹಗ್ಗವನ್ನು ಬಿಗಿಮಾಡಿ ಕಟ್ಟಿ, ಆಗಲಿ ಎಂದು ತಲೆಯಾಡಿಸಿದ.

ಆ ವಾರ ನನ್ನ ಜೀವಮಾನದ ವಾರ. ಮರ್ವ್ ದಿನಾ ಅಂಗಡಿಗೆ ಬಂದು ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಕೋರಲ್‌ಳ ಕೆಲಸಕ್ಕೆ ನಾನು ಏನು ಮಾಡಿಬಿಡುತ್ತೇನೋ ಎಂಬ ಕಾವಲು ಅದು, ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಎದ್ದು ಕೂದಲಿಗೆ ರೋಲರ್ ಹಾಕಿಕೊಂಡೆ. ಕೆಟಲ್ ರಿಪೇರಿಗೆ ಬಂದ ಹೆಂಗಸೊಬ್ಬಳು ನನ್ನ ತುಟಿಯ ಬಣ್ಣ ನೋಡಿ, "ಏನು ನೋಲ್, ಯಾರದ್ದಾದ್ರೂ ಮದುವೇನಾ?" ಎಂದಳು. ಮರ್ವ್ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಪೇಪರು ಅಲುಗಾಡುತ್ತಿತ್ತು.

"ನಗ್ಬೇಡಿ," ಎಂದೆ ಅವಳು ಹೋದ ಮೇಲೆ.

"ನಾನೆಲ್ಲಿ ನಕ್ಕೆ? ಏಡಿ ರೇಟು ಓದ್ತಾ ಇದ್ದೆ."

"ಪೇಪರ್ ತಲೆಕೆಳಗಾಗಿದೆ."

ತಾಮ್ರದ ಹಾಳೆಯನ್ನು ಮೂಲೆಗಳಿಗೆ ಒತ್ತಿ ಕೂರಿಸಲು ಅವನ ಕೈಗೊಂದು ಚಮಚ ಕೊಟ್ಟೆ. ಚಮಚದ ಬೆನ್ನಿನಲ್ಲಿ ಮೆತ್ತಗೆ ಉಜ್ಜುತ್ತಿದ್ದ, ಮಲಗಿದವರ ಬೆನ್ನು ಸವರುವ ಹಾಗೆ. ಅವನ ತಲೆ ನನ್ನ ತಲೆಗೆ ತಾಗುವಷ್ಟು ಹತ್ತಿರ. ಸೋಪಿನ ವಾಸನೆ, ಸಮುದ್ರದ ವಾಸನೆ. ನನ್ನ ಗಮನ ತಪ್ಪಿ ಹಾಳೆಯ ಅಂಚು ಹೆಬ್ಬೆರಳನ್ನು ಕೊಯ್ದೇಬಿಟ್ಟಿತು.

"ಏ, ನೋಡ್ಕೊಂಡು ಮಾಡೇ!" ಎಂದು ಅವನು ಗಬಕ್ಕನೆ ನನ್ನ ಕೈ ಹಿಡಿದ.

ಮಾಡೇ ಅಂದ! 'ರೀ' ಎಲ್ಲ ಎಲ್ಲಿಗೆ ಹಾರಿಹೋಯಿತೋ. ಅವನು ಜೇಬಿನ ಕರವಸ್ತ್ರ ಹರಿದು ಹೆಬ್ಬೆರಳಿಗೆ ಸುತ್ತುತ್ತಿದ್ದರೆ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಇನ್ನೊಂದು ಬೆರಳೂ ಕೊಯ್ದುಕೊಳ್ಳಲೇ ಅನಿಸಿತು, ನಾಚಿಕೆಗೆಟ್ಟವಳು ನಾನು.

ಎಲ್ಲ ತುಂಡುಗಳೂ ಒಂದಕ್ಕೊಂದು ಕೂಡಿವೆಯೇ ಎಂದು ಮೀಟರ್ ಹಿಡಿದು ನೋಡುವ ಹೊತ್ತಿಗೆ ಅವನು ಸಣ್ಣ ಹುಡುಗನಂತೆ ಕೇಳಿದ, "ಇದ್ರಲ್ಲಿ ಮನುಷ್ಯರನ್ನೂ ನೋಡಬಹುದಾ?"

"ಈ ಕಡ್ಡಿ ನೀನು ಹಿಡ್ಕೋ. ಇದು ನಾನು. ಈಗ ಆ ಕೈ ಕೊಡು."

ಕೊಟ್ಟ. ಮೀಟರಿನ ಮುಳ್ಳು ಒಂಚೂರು ಮೇಲೆದ್ದು ನಡುಗುತ್ತ ನಿಂತಿತು.

"ಅಷ್ಟೇನಾ?" ಎಂದ.

"ಮನುಷ್ಯರಲ್ಲಿ ಅಷ್ಟೇ ದಾಟೋದು. ತಾಮ್ರ ಅಲ್ವಲ್ಲ ನಾವು."

ಅವನು ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ. ಮುಳ್ಳನ್ನು ನೋಡುವ ನೆಪದಲ್ಲಿ ಇಬ್ಬರೂ ಮೀಟರನ್ನೇ ನೋಡುತ್ತ ಕೂತೆವು. ಆಮೇಲೆ ಅವನು ಮೆಲ್ಲಗೆ, "ಕೋರಲ್‌ಗೆ ಇದು ಗೊತ್ತಿದ್ದಿದ್ರೆ ಬೆಕ್ಕನ್ನೂ ಹಿಡಿದು ನೋಡ್ತಿದ್ಲು," ಎಂದು ನಕ್ಕ. ಮುಳ್ಳು ಸೊನ್ನೆಗೆ ಮರಳಿತು. ಯಾರು ಮೊದಲು ಕೈ ಬಿಟ್ಟರೋ ನನಗೆ ತಿಳಿಯಲಿಲ್ಲ.

ನನ್ನ ಕೆಲಸದಲ್ಲಿ ನಾನು ಮೋಸ ಮಾಡುವವಳಲ್ಲ. ಹಾಳೆಯ ಒಂದೊಂದು ಸೇರುವೆಗೂ ಬೆಸುಗೆ ಹಾಕಿದೆ, ಮುಚ್ಚಳದ ಒಳಬದಿಗೂ ತಾಮ್ರ ಹಚ್ಚಿದೆ, ಗ್ರೌಂಡ್ ವೈರುಗಳನ್ನೆಲ್ಲ ಒಂದೇ ಕಡೆ ತಂದು ಬಿಗಿದೆ. ಬೆಳ್ಳಿ ಹಾಳೆಯ ಕೊನೆಯ ತುಂಡು ಮುಚ್ಚುವ ಮೊದಲು ಅವನು, "ಒಂದ್ನಿಮಿಷ ತಡಿ" ಎಂದು ಬೆರಳಿನಿಂದ ಅದನ್ನು ಸವರಿದ. ಗೋಂದಿನಲ್ಲಿ ಅವಳ ಬೆರಳಚ್ಚು ಒಣಗಿ ಉಳಿದಿತ್ತು. ನಾನು ಮುಖ ತಿರುಗಿಸಿ ಬೆಸುಗೆ ಕಡ್ಡಿ ಒರೆಸುತ್ತ ನಿಂತೆ.

ಸ್ಪೀಕರೂ ಆ ಮಷಿನ್‌ಗಳೂ ಕ್ಲಬ್ಬಿನಲ್ಲೇ ಇದ್ದದ್ದರಿಂದ ಬಾರಿಸಿ ನೋಡುವುದು ಭಾನುವಾರಕ್ಕೇ ಉಳಿದಿತ್ತು. ಆ ಭಾನುವಾರ ಕ್ಲಬ್ಬು ತುಂಬಿತ್ತು. ಪಕ್ಕದ ಕೋಣೆಯಲ್ಲಿ ಮಷಿನ್‌ಗಳ ಟಿಣಿಟಿಣಿ, ಇತ್ತ ಕರಿದ ಮೀನಿನ ವಾಸನೆ. ಕೋರಲ್ ಕೂರುತ್ತಿದ್ದ ಮುಂದಿನ ಮೇಜು ಖಾಲಿ ಇತ್ತು. ನಾನು ಅಲ್ಲಿ ಕೂರಲಿಲ್ಲ, ಅಷ್ಟು ಭಂಡಳಲ್ಲ. ಅದರ ಹಿಂದಿನದರಲ್ಲಿ ಕೂತೆ.

ಮರ್ವ್ ಬಂದ, ಪ್ಲಗ್ ಚುಚ್ಚಿದ, ಬಾರಿಸಿದ. ಜರ್ ಇಲ್ಲ, ಗುಂಯ್ ಇಲ್ಲ, ಸ್ವರ ಸ್ವಚ್ಛವಾಗಿ ಎದ್ದು ಬಂತು. ಬಾರ್ ಹಿಂದಿನಿಂದ ಮ್ಯಾನೇಜರ್ ಹೆಬ್ಬೆರಳು ಎತ್ತಿ ತೋರಿಸಿದ. ಗೆದ್ದೆ ಅಂದುಕೊಂಡೆ. ಉಳಿದ, ನನ್ನ ಮರ್ವ್ ಊರಲ್ಲೇ ಉಳಿದ!

ಹಾಡು ಮುಗಿಯಿತು. ಅವನ ಬಲ ಅಂಗೈ ತಂತಿಗಳ ಮೇಲೆ ಮೆತ್ತಗೆ ಬಂದು ಕೂತಿತು.

ಮೊದಲು ನನಗೆ ಏನೂ ಅನಿಸಲಿಲ್ಲ. ಎರಡನೆಯ ಹಾಡಾಯಿತು, ಮತ್ತೆ ಕೈ ಅಲ್ಲೇ. ಎಡಗೈಯಲ್ಲಿ ಬಿಯರ್. ತಮಾಷೆ ಹೇಳುವಾಗ ಅವನ ಕಣ್ಣು ಖಾಲಿ ಮೇಜನ್ನು ದಾಟಿ ನೇರ ನನ್ನ ಮೇಲೆ ಬಿತ್ತು, ನನ್ನನ್ನೇ ನೋಡಿ ನಕ್ಕ. ಆಗ ಹೊಳೆಯಿತು. ಯಾಕೆ ಕೈ ಇಟ್ಟಿದ್ದಾನೆ? ನನ್ನ ಕೆಲಸ ಸರಿ ಇದ್ದರೆ ಕೈ ಇಡುವ ಅಗತ್ಯವೇ ಇಲ್ಲವಲ್ಲ! ಎಲ್ಲೋ ಒಂದು ಬೆಸುಗೆ ಬಿಟ್ಟಿರಬೇಕು. ಇನ್ನೂ ಗುಂಯ್ ಅನ್ನುತ್ತಿರಬೇಕು. ನನಗೆ ಗೊತ್ತಾಗಬಾರದೆಂದು, ನನ್ನ ಮುಖ ಬಾಡಬಾರದೆಂದು, ಮುಚ್ಚಿಡುತ್ತಿದ್ದಾನೆ.

ಅವಳಿಗೆ ಮಾಡಿದ್ದನ್ನು ನನಗೆ ಮಾಡುತ್ತಿದ್ದಾನೆ.

ದೇವರೇ, ನನ್ನ ಕೆಲಸ ಕೆಟ್ಟಿರಲಿ, ಎಂದು ಕೇಳಿಕೊಂಡೆ. ಜನ್ಮದಲ್ಲಿ ಹಾಗೆ ಕೇಳಿಕೊಂಡವಳಲ್ಲ ನಾನು. ಕೈ ಕೆಳಗಿನ ಒಂದೊಂದು ಬೆಸುಗೆಯನ್ನೂ ನೆನೆಸಿಕೊಂಡು, ನೀನಾದರೂ ಬಿಟ್ಟುಹೋಗು, ನೀನಾದರೂ, ಎಂದು ಬೇಡಿಕೊಂಡೆ. ಮಧ್ಯಾಹ್ನ ಪೂರ್ತಿ ಅವನ ಕೈ ತಂತಿಯಿಂದ ಏಳಲಿಲ್ಲ. ಮಧ್ಯಾಹ್ನ ಪೂರ್ತಿ ನಾನು ಹದಿನೆಂಟರ ಹುಡುಗಿಯಂತೆ ಕೆನ್ನೆ ಕೆಂಪು ಮಾಡಿಕೊಂಡು ಕೂತಿದ್ದೆ.

ಸಂಜೆ, ಗೆದ್ದವರಿಗೆ ಮಾಂಸ ಕೊಡುವ ಕ್ಲಬ್ಬಿನ ಲಾಟರಿಯ ಚೀಟಿ ಎತ್ತುವ ಹೊತ್ತಾಗಿ ಜನವೆಲ್ಲ ಬಾರ್ ಕಡೆ ನುಗ್ಗಿದರು. ವೇದಿಕೆಯ ಹತ್ತಿರ ಯಾರೂ ಉಳಿಯಲಿಲ್ಲ. ನಾನು ಎದ್ದು ಹೋದೆ. ಅವನು ಸ್ಟೂಲಿನ ಮೇಲೆ ಕೂತೇ ಇದ್ದ, ಗಿಟಾರ್ ಮಡಿಲಲ್ಲಿ, ಅಂಗೈ ತಂತಿಯ ಮೇಲೆ.

"ಹೇಗಿತ್ತೇ ನೋಲ್?"

"ಕೈ ತೆಗಿ."

"ಏನು?"

"ತಂತಿಯಿಂದ ಕೈ ತೆಗಿ ಮರ್ವ್."

"ಯಾಕೆ?"

"ಅದು ಇನ್ನೂ ಗುಂಯ್ ಅಂತಿದ್ರೆ," ಎಂದು ವೇದಿಕೆಯ ಅಂಚು ಹಿಡಿದುಕೊಂಡೆ, "ಅಂತಿದ್ರೆ ನನಗಿಂತ ಸುಖಿ ಈ ಊರಲ್ಲಿ ಯಾರೂ ಇಲ್ಲ. ನೀನು ನನಗೋಸ್ಕರ ಮುಚ್ಚಿಡ್ತಾ ಇದ್ದೀಯ ಅಂತ ಆಗುತ್ತೆ. ನಿನ್ನನ್ನ ಪ್ರೀತಿಸ್ತೀನಿ ಕಣೋ ನಾನು. ಆ ಜೆಟ್ಟಿ ಮೇಲೆ ಕೂತ ದಿನದಿಂದ. ಈಗ ತೆಗಿ ಕೈ."

ಅವನ ಮುಖದಲ್ಲಿ ಮೊದಲು ಬಂದದ್ದು ಕರುಣೆ. ಅದನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ಆಮೇಲೆ ಬಂದದ್ದು ಹೆದರಿಕೆ.

"ನಾನಿನ್ನೂ ತೆಗೆದು ನೋಡೇ ಇಲ್ಲ ನೋಲ್," ಎಂದ. "ಬೇಡ ಅನ್ಸುತ್ತೆ."

"ತೆಗಿ ಮಾರಾಯ."

ಅವನು ಕೈ ಎತ್ತಿದ.

ಸ್ಪೀಕರು ಚಾಲೂ ಇತ್ತು, ಕೆಂಪು ದೀಪ ಕಾಣುತ್ತಿತ್ತು, ವಾಲ್ಯೂಮ್ ಪೂರ್ತಿ ಇತ್ತು. ಗುಂಯ್ ಇಲ್ಲ. ಜರ್ ಇಲ್ಲ. ಪಕ್ಕದ ಕೋಣೆಯ ಮಷಿನ್‌ಗಳ ಟಿಣಿಟಿಣಿ ಬಿಟ್ಟರೆ ಏನೆಂದರೆ ಏನೂ ಇಲ್ಲ. ನನ್ನ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಅವನ ಕೈ ಅಷ್ಟು ಹೊತ್ತು ಅಲ್ಲಿದ್ದದ್ದು ಕೋರಲ್‌ಗಾಗಿ, ಯಾವತ್ತಿನ ಹಾಗೆ.

ಅವನೂ ಕೇಳಿಸಿಕೊಳ್ಳುತ್ತಿದ್ದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತ್ತು, ಎಲ್ಲಿಡಬೇಕೆಂದು ಅದಕ್ಕೆ ತಿಳಿಯದಂತೆ. ನೋಡುನೋಡುತ್ತಿದ್ದಂತೆ ಅವನ ಕಣ್ಣು ತುಂಬಿ ಹರಿಯಿತು.

"ಎಷ್ಟು ಚೆನ್ನಾಗಿ ಮಾಡಿದ್ದೀಯ," ಎಂದ. "ನಿಜವಾಗ್ಲೂ ನಿಲ್ಲಿಸಿಬಿಟ್ಟಿದ್ದೀಯ. ಇನ್ನು ನಾನು ಕೈ ಇಡೋದು ಯಾತಕ್ಕೆ?"

ಅವನ ಹೆಗಲು ಮುಟ್ಟಬೇಕೆಂದು ಹೋದ ನನ್ನ ಕೈ ಅರ್ಧದಲ್ಲೇ ನಿಂತಿತು. ಬಾರಿನಲ್ಲಿ ಯಾರಿಗೋ ಕುರಿಮಾಂಸದ ಟ್ರೇ ಸಿಕ್ಕಿ ಎಲ್ಲರೂ ಹೋ ಎಂದು ಕೂಗಿದರು.

ಬಾರ್ಲಿ ಕೊಯ್ಲಿಗೆ ಮೊದಲೇ ಅವನು ಪರ್ತ್‌ಗೆ ಹೊರಟ. ಮ್ಯಾನೇಜರ್ ಎಷ್ಟೋ ಹೇಳಿದನಂತೆ, ಈಗ ಸದ್ದಿಲ್ಲವಲ್ಲ, ಇರು ಅಂತ. ಹೊರಡುವ ಬೆಳಿಗ್ಗೆ ಅಂಗಡಿಗೆ ಬಂದ. ಕೈಯಲ್ಲಿ ಬೇಕರಿಯ ಪೊಟ್ಟಣ.

"ಸಾಸ್ ಹಾಕಿಸಿದ್ದೀನಿ," ಎಂದ.

"ನಾನು ಸಾಸ್ ತಿನ್ನಲ್ಲ," ಎಂದೆ. ಇಬ್ಬರೂ ನಕ್ಕೆವು, ನಗು ಬೇಗ ಮುಗಿದುಹೋಯಿತು.

"ಅದು ಒಳಗೇ ಇದೆ ತಾನೇ ನೋಲ್? ಅವಳದ್ದು?"

"ಇದೆ. ತಾಮ್ರದ ಕೆಳಗೆ. ಹಾಗೇ ಇದೆ."

ಅವನು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಬಲ ಅಂಗೈಯ ಅಂಚಿನಲ್ಲಿ, ಇಷ್ಟು ವರ್ಷ ತಂತಿ ಒತ್ತಿದ ಜಾಗದಲ್ಲಿ, ಚರ್ಮ ದಪ್ಪಗೆ ಗಟ್ಟಿಯಾಗಿತ್ತು. ನಾನು ಹೆಬ್ಬೆರಳಿನಿಂದ ಅದನ್ನೊಮ್ಮೆ ಸವರಿದೆ. "ಒಳ್ಳೆ ಹೆಂಗಸು ಕಣೇ ನೀನು," ಎಂದ. ನನಗೆ ಬೇಕಿದ್ದ ಮಾತು ಅದಲ್ಲ ಎಂದು ಅವನಿಗೂ ಗೊತ್ತಿತ್ತು. ಬಸ್ಸು ಹಾರ್ನ್ ಮಾಡಿತು, ಹೋದ.

ಈಗಲೂ ಅಕ್ಕಪಕ್ಕದ ಕಡೀನಾ, ಮೂಂಟಾ ಊರುಗಳಿಂದ ಜನ ಗುಂಯ್‌ಗುಡುವ ಗಿಟಾರುಗಳನ್ನು ಹೊತ್ತು ನನ್ನ ಅಂಗಡಿಗೆ ಬರುತ್ತಾರೆ. ಒಳಗೆ ಅಡುಗೆಮನೆಯ ಫಾಯಿಲ್ ಇರಲಿ, ಸಿಗರೇಟು ಪ್ಯಾಕಿನ ಕಾಗದ ಇರಲಿ, ನಾನು ನಗುವುದಿಲ್ಲ. ಯಾರು ಮಾಡಿದ್ದು ಎಂದು ಮೊದಲು ಕೇಳುತ್ತೇನೆ. ಆಮೇಲೆ ತಾಮ್ರ ಹಚ್ಚಿ, ಬೆಸೆದು, ಸದ್ದು ಪೂರ್ತಿ ನಿಲ್ಲಿಸಿ ಕೊಡುತ್ತೇನೆ. ನನ್ನ ಕೆಲಸ ಕೆಟ್ಟಿತೆಂದು ಯಾರೂ ವಾಪಸ್ ಬಂದದ್ದಿಲ್ಲ. ಅವನೂ ಬರಲಿಲ್ಲ.